ಗೆದ್ದವನ ಪಾಪ

ಕಾಲ ಕೆಟ್ಟಿತೆಂದು ಕೊರಗುವುದು ವಯಸ್ಸಾದವರ ಹಕ್ಕು. ಆ ಹಕ್ಕನ್ನು ನಾನೂ ಧಾರಾಳವಾಗಿಯೇ ಬಳಸಿಕೊಂಡು ಬಂದಿದ್ದೇನೆ. ಭಾನುವಾರವನ್ನು ಆರಾಧನೆಗೆ ಮೀಸಲಿಡಬೇಕು, ಪ್ರಾರ್ಥನೆಯಿಲ್ಲದೆ ಉಣ್ಣಬಾರದು, ಸಾಲ ಮಾಡಿ ಮದುವೆಯ ಔತಣ ಹಾಕಬಾರದು ಎನ್ನುವ ಹಳೆಯ ಪಂಗಡದ ಕ್ರೈಸ್ತ ನಾನು. ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಕಂದಾಚಾರದವನೆಂದು ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತು; ಅದರಿಂದ ಬೇಸರವೇನೂ ಆಗಲಿಲ್ಲ. ಆದರೆ ಜೂಜಿನ ವಿಚಾರವಾಗಿ ಕೆಲವು ವರ್ಷಗಳಿಂದ ನಡೆದಿರುವ ಚರ್ಚೆಯನ್ನು ಓದುವಾಗ, ಕಂದಾಚಾರದವನೂ ಆಡಬೇಕಾದ ಮಾತೊಂದು ಉಳಿದಿದೆಯೆಂದು ನನಗೆ ತೋರುತ್ತದೆ.

ಸಂಗತಿ ವಾಚಕರಿಗೆ ತಿಳಿದುದೇ. ಕೈಯಲ್ಲಿಯ ಫೋನಿನೊಳಗೇ ಹಣ ಒಡ್ಡಿ ಆಡುವ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಶಾಸನ ಮಾಡಿತು. 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ಅಸಿಂಧುವೆಂದು ಸಾರಿತು. ಅನಂತರ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೇ ಅನ್ವಯಿಸುವಂತೆ ನಿಷೇಧವನ್ನು ಅಂಗೀಕರಿಸಿತು. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬ ಅಂದಾಜು ಆಗ ಸರಕಾರದ ಕಡೆಯಿಂದಲೇ ಹೊರಬಂದಿತು. ಸಾಲದ ಸುಳಿಗೆ ಬಿದ್ದ ಹುಡುಗರ, ತಾಳಿ ಮಾರಿದ ಹೆಂಗಸರ ಕಥೆಗಳನ್ನು ನಾವೆಲ್ಲ ಓದಿದ್ದೇವೆ.

ಈ ಮಾತುಕತೆಯಲ್ಲೆಲ್ಲ ಕನಿಕರವು ಸೋತವನಿಗೆ ಸಲ್ಲುತ್ತದೆ. ಅದು ಸಲ್ಲತಕ್ಕದ್ದೇ. ಆದರೆ ಗೆದ್ದವನನ್ನು ಯಾರೂ ಕರೆದು ಕೇಳಿದ್ದನ್ನು ನಾನು ಕಾಣೆ. ಅವನ ಕೈಗೆ ಬಂದುದು ಯಾರ ಮನೆಯ ಅಕ್ಕಿಯ ದುಡ್ಡು? ಸೋತವನು ಮೂಢನಿರಬಹುದು, ಗೆದ್ದವನಾದರೋ ನೆರೆಯವನ ನಷ್ಟವನ್ನು ತನ್ನ ಲಾಭವಾಗಿ ಹಾರೈಸಿದವನು. ನನ್ನ ಧರ್ಮ ಪಾಪವೆಂದು ಎಣಿಸುವುದು ಈ ಹಾರೈಕೆಯನ್ನು. ಇದು ಕಲೆಯ ಆಟವೋ ಅದೃಷ್ಟದ ಆಟವೋ ಎಂದು ವಕೀಲರು ವರ್ಷಗಟ್ಟಲೆ ವಾದಿಸಿದರು. ನ್ಯಾಯಾಲಯಕ್ಕೆ ಆ ಭೇದ ಬೇಕಾದುದು ಸಹಜ. ನನಗೆ ಅದರಿಂದ ಪ್ರಯೋಜನವಿಲ್ಲ. ಶಕುನಿಯಲ್ಲಿ ಕಲೆಗೇನು ಕೊರತೆಯಿತ್ತು?

ಯೋಹಾನನ ಸುವಾರ್ತೆಯಲ್ಲಿ ಒಂದು ಜೂಜಾಟ ಬರುತ್ತದೆ. ಆಡಿದವರು ನಾಲ್ವರು ಸಿಪಾಯಿಗಳು. ಪಣ ಹೊಲಿಗೆಯಿಲ್ಲದೆ ಮೇಲಿಂದ ನೆಯ್ದು ಬಂದ ಒಂದು ಅಂಗಿ. ಅದನ್ನು ಹರಿಯುವುದು ಬೇಡ, ಚೀಟು ಹಾಕೋಣವೆಂದು ಅವರು ತಮ್ಮತಮ್ಮಲ್ಲಿ ಒಪ್ಪಿಕೊಂಡರು. ಆ ಆಟದಲ್ಲಿ ಮೋಸ ನಡೆಯಿತೆಂದು ಸುವಾರ್ತಿಕನು ಹೇಳುವುದಿಲ್ಲ. ಜಗಳವಿಲ್ಲ, ಬೈಗುಳವಿಲ್ಲ, ಸಭ್ಯವಾದ ಆಟ. ಆ ಅಂಗಿಯ ಒಡೆಯನು ಮಾತ್ರ ಅವರ ತಲೆಯ ಮೇಲುಗಡೆ ಶಿಲುಬೆಯಲ್ಲಿ ಸಾಯುತ್ತಿದ್ದನು. ಶುಭಶುಕ್ರವಾರದ ಆರಾಧನೆಯಲ್ಲಿ ಈ ಭಾಗವನ್ನು ಓದಿದಾಗಲೆಲ್ಲ, ಗೆದ್ದವನು ಆ ಅಂಗಿಯನ್ನು ಯಾವ ಮನಸ್ಸಿನಿಂದ ತೊಟ್ಟುಕೊಂಡನೋ ಎಂದು ಯೋಚಿಸುತ್ತೇನೆ.

ಸರಕಾರದ ವಿಷಯದಲ್ಲೂ ಒಂದು ಮಾತು. ನಿಷೇಧಕ್ಕೆ ಮುಂಚೆ, 2023ರ ಅಕ್ಟೋಬರಿನಿಂದ, ಆಟಗಾರನು ಕಟ್ಟಿದ ಪೂರ್ಣ ಹಣದ ಮೇಲೆ ಶೇಕಡಾ 28ರ ತೆರಿಗೆಯಿತ್ತು. ಯೂದನು ಹಿಂದಕ್ಕೆ ಎಸೆದ ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಅದನ್ನು ಕೊಟ್ಟ ಮಹಾಯಾಜಕರೇ ಬೊಕ್ಕಸಕ್ಕೆ ಸೇರಿಸಲು ಅಂಜಿದರಂತೆ; ರಕ್ತದ ಕ್ರಯವೆಂದು ಕುಂಬಾರನ ಹೊಲವನ್ನು ಕೊಂಡು ಪರದೇಶಿಗಳ ಶವಸಂಸ್ಕಾರಕ್ಕೆ ಬಿಟ್ಟರಂತೆ. ಅಷ್ಟು ಸಂಕೋಚ ಅವರಿಗಾದರೂ ಇತ್ತು.

ಹೀಗೆ ಹೊರಗಿನವರನ್ನು ಹಳಿಯುವುದು ಸುಲಭ. ನಮ್ಮ ಸಭೆಯ ಮಾತಿಗೆ ಬಂದಾಗ ನನ್ನ ನಾಲಗೆ ತಡವರಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಕಳ್ಳಿಳಿಸುವ ಕಸುಬಿನಿಂದ ಸಭೆಗೆ ಬಂದವರಿಗೆ ಆ ಕಸುಬನ್ನು ಬಿಡಬೇಕೆಂದರು. ಹುಟ್ಟಿದ ಜಾತಿಯ ಆಸರೆ ತಪ್ಪಿದವನಿಗೆ ಅನ್ನದ ದಾರಿಯನ್ನೂ ಬಿಡೆಂದು ಹೇಳುವುದು ಕ್ರೂರವೇ ಸರಿ; ಅವರ ಶಿಸ್ತು ಅನೇಕ ವೇಳೆ ಅತಿಗೆ ಹೋಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಮಗ್ಗ ಹೂಡಿದರು; 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಬೇಡವೆಂದ ಬಾಯಿಗೆ ಕೆಲಸ ಕೊಡುವ ಕೈಯೂ ಇತ್ತು. ಇಂದು ನಮ್ಮ ಪೀಠದಿಂದ ಫೋನಿನ ಜೂಜನ್ನು ಖಂಡಿಸುವ ಪ್ರಸಂಗಗಳು ಬೇಕಾದಷ್ಟು ಆಗುತ್ತವೆ. ಪದವಿ ಪಡೆದು ಮೂರು ವರ್ಷ ಮನೆಯಲ್ಲೇ ಕುಳಿತ ಹುಡುಗನು ಹಿಂದಿನ ಬೆಂಚಿನಲ್ಲಿ ಅದನ್ನು ಕೇಳಿ, ಮೊದಲಿನಂತೆಯೇ ಮನೆಗೆ ಹೋಗುತ್ತಾನೆ.

ಇನ್ನೂ ಹತ್ತಿರದ ಸಂಗತಿಯನ್ನು ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ನಮ್ಮ ಗಂಟೆಗೋಪುರದ ದುರಸ್ತಿಗೆಂದು ಸಭೆಯವರು ಅದೃಷ್ಟದ ಚೀಟಿಗಳನ್ನು ಮಾರಿದರು. ನಾನೇ ಮೂರು ಪುಸ್ತಕ ಮಾರಿದೆ. ಬೀಡಿ ಕಟ್ಟಿ ಬದುಕುವ ಮುದುಕಿಯೊಬ್ಬರು ಐದು ಚೀಟಿ ಕೊಂಡು, "ಬಂದರೆ ಬರಲಿ ಮಾಸ್ಟ್ರೇ, ಬಾರದಿದ್ದರೆ ದೇವರಿಗಾಯಿತಲ್ಲ" ಎಂದರು. ನಾನೂ ಎರಡು ಚೀಟಿ ಕೊಂಡಿದ್ದೆ. ಎರಡನೆಯ ಬಹುಮಾನ ನನಗೇ ಬಂದಿತು: ಒಂದು ಮಿಕ್ಸರು. ಸಭಾಪಾಲಕರು ಕೈಕುಲುಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ನನಗೆ ಸಂತೋಷವೇ ಆಯಿತೆಂಬುದನ್ನು ಮುಚ್ಚಿಡಲಾರೆ. ಆ ಮುದುಕಿಯೂ ಚಪ್ಪಾಳೆ ತಟ್ಟಿದ್ದನ್ನು ಮನೆಗೆ ಬಂದಮೇಲೆ ನನ್ನ ಹೆಂಡತಿಯೇ ಹೇಳಬೇಕಾಯಿತು. ನಾನು ಆ ಕಡೆ ನೋಡಿರಲಿಲ್ಲ.

ಕಳೆದ ತಿಂಗಳು ದೇವಾಲಯದ ಛಾವಣಿಗಾಗಿ ಅದೇ ಚೀಟಿಯ ಪ್ರಸ್ತಾಪ ಸಭಾಪರಿಪಾಲನಾ ಸಮಿತಿಯ ಮುಂದೆ ಬಂದಿತು. ನಾನು ವಿರೋಧಿಸಿದೆ. "ಹಾಗಾದರೆ ಹಣಕ್ಕೆ ದಾರಿ ನೀವೇ ತೋರಿಸಿ" ಎಂದರು ಖಜಾಂಚಿಯವರು. ಕೊಡುವವರು ಸುಮ್ಮನೆ ಕೊಡಲಿ ಎಂದೆ. ಕೆಲವರು ನಕ್ಕರು. ಒಬ್ಬ ತರುಣನು ಮಾತ್ರ ನನ್ನ ಪಕ್ಷಕ್ಕೆ ಕೈಯೆತ್ತಿದ. ಚೀಟಿಗಳು ಅಚ್ಚಿಗೆ ಹೋಗಿವೆ. ಮಿಕ್ಸರು ನಮ್ಮ ಅಡಿಗೆಮನೆಯಲ್ಲಿ ಈಗಲೂ ಚೆನ್ನಾಗಿಯೇ ಓಡುತ್ತಿದೆ.