ಕಿಕ್ ಇಲ್ಲದ ಗಾಡಿ

2025ರ ದೀಪಾವಳಿ ಪಾಡ್ಯದ ದಿನ ಅಫಜಲಪುರ ತಾಲ್ಲೂಕಿನ ನಮ್ಮ ಕಾಕಾನ ಮನೆಗೆ ಹೊಸ ಮೋಟಾರ್ ಸೈಕಲ್ ಬಂತು. ತಂದವನು ಕಾಕಾನ ಮಗ. ಮನೆಯಿಂದ ದೂರದ ಶಾಲೆಯಲ್ಲಿ ಮಾಸ್ತರಿಕೆ, ದಿನಾ ಹೋಗಿಬರುವ ಕೆಲಸ. ಸೆಪ್ಟೆಂಬರ್ 22ರಂದು ಸಣ್ಣ ಗಾಡಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿತ್ತು. ಅದೇ ತಿಂಗಳ ಕೊನೆಗೆ ಭೀಮೆ ಉಕ್ಕಿ ಹೊಲದ ತೊಗರಿಯನ್ನೂ ನುಂಗಿದ್ದಳು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದ ವರ್ಷ ಅದು. ಆದ್ದರಿಂದ ಗಾಡಿ ಬಂದದ್ದು ಸಾಲದ ಮೇಲೆ.

ಕಾಕು ಆರತಿ ಬೆಳಗಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ತೆಂಗಿನಕಾಯಿ ಒಡೆದದ್ದಾಯಿತು. ಓಣಿಯ ಹುಡುಗರೆಲ್ಲ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಕಾಕಾ ಮಾತ್ರ ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಗಾಡಿಯನ್ನು ಎರಡು ಸುತ್ತು ಹಾಕಿ, ಬಾಗಿ, ಬಲಗಡೆ ನೋಡಿ, ಎಡಗಡೆ ನೋಡಿ, ಕೊನೆಗೆ ಕೇಳಿದರು:

“ಇದರ ಕಿಕ್ ಎಲ್ಲದನೋ?”

“ಕಿಕ್ ಇಲ್ಲಪ್ಪಾ. ಬಟನ್ ಒತ್ತಿದ್ರ ಸಾಕು.”

“ಬಟನ್ ಕೈಕೊಟ್ರ?”

ಮಗ ಸುಮ್ಮನಾದ. ಕಾಕಾ ಹೆಗಲ ಮೇಲಿನ ಟವೆಲ್ ಜಾಡಿಸಿ, “ಕಿಕ್ ಇಲ್ಲದ ಗಾಡಿ ಗಾಡಿ ಏನೋ ತಮ್ಮಾ? ಅದು ಮಿಕ್ಸರ್!” ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಹಬ್ಬದ ಹೋಳಿಗೆಗೆ ಆ ಮಾತಿನ ಒಗರು ಸ್ವಲ್ಪ ಹತ್ತಿತು.

ಕಾಕಾನ ಮಾತಿಗೆ ಒಂದು ಚರಿತ್ರೆ ಇದೆ. ಅವರ ದನದ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲ ಹೊದ್ದು, 1984ರಲ್ಲಿ ತೊಗರಿ ಮಾರಿದ ದುಡ್ಡಿನಿಂದ ತಂದ ಯೆಜ್ಡಿ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಚೆಕ್ ದೇಶದ ಜಾವಾವನ್ನು ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಿಸತೊಡಗಿದರು. ಮುಂದೆ ಅದೇ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆ ಗಾಡಿಯ ವೈಶಿಷ್ಟ್ಯ ಗೊತ್ತಲ್ಲ? ಗೇರಿನ ಕಡ್ಡಿಯೇ ಕಿಕ್ಕಿನ ಕಡ್ಡಿ. ಒಳಗೆ ಒತ್ತಿ ಮೇಲಕ್ಕೆ ತಿರುವಿದರೆ ಕಿಕ್, ಕೆಳಗಿಳಿಸಿದರೆ ಗೇರು. ಕದ್ದೊಯ್ಯಲು ಬಂದವನಿಗೆ ಇದು ತಿಳಿಯದೆ ಗಾಡಿ ಬಿಟ್ಟು ಓಡಿದ ಕಥೆ ಪ್ರತಿ ಊರಿನಲ್ಲೂ ಒಂದೊಂದಿದೆ. ನಮ್ಮ ಕಾಕಾನ ಊರಿನಲ್ಲಿ ಎರಡಿವೆ.

ಅದೇ ಜಾವಾ ಹೆಸರು 2018ರ ನವೆಂಬರಿನಲ್ಲಿ ಹೊಸ ಗಾಡಿಯಾಗಿ ಮರಳಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಈ ಸಲ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೆಯ ಟ್ಯಾಂಕಿನ ಆಕಾರ ಇತ್ತು, ಎರಡು ಸೈಲೆನ್ಸರ್ ಇದ್ದವು. ಆದರೆ ಒಳಗಿನದು ನೀರಿನಿಂದ ತಂಪಾಗುವ, ನಾಲ್ಕು ಸ್ಟ್ರೋಕಿನ ಎಂಜಿನ್. ಹಳೆಯ ಎರಡು ಸ್ಟ್ರೋಕಿನ ಆ ನೀಲಿ ಹೊಗೆ, ಆ ಸದ್ದು ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಎಂಜಿನ್ನಿಗೆ ಇಂದಿನ ಹೊಗೆ ನಿಯಮಗಳಲ್ಲಿ ಜಾಗವಿಲ್ಲ. ಕೆಲವರು “ನಮ್ಮ ಹರೆಯ ತಿರುಗಿ ಬಂತು” ಎಂದು ಕುಣಿದರು. ಇನ್ನು ಕೆಲವರು “ಅಂಗಿ ಅಜ್ಜಂದು, ಮೈ ಮೊಮ್ಮಗಂದು” ಎಂದು ಮೂಗು ಮುರಿದರು.

ಬುಲೆಟ್ಟಿನವರ ಸಂಕಟ ಇದಕ್ಕಿಂತ ಹಳೆಯದು. 1955ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. 2000ದ ದಶಕದಲ್ಲಿ ಅದು ಉಳಿದ ಗಾಡಿಗಳಂತೆ ಎಡ-ಬಲ ಬದಲಾಯಿಸಿಕೊಂಡಿತು. ಕಂಪನಿಗೆ ಅದು ನಕ್ಷೆಯ ಒಂದು ಗೆರೆ. ಮೂವತ್ತು ವರ್ಷ ಓಡಿಸಿದವನಿಗೆ ಮಾತ್ರ ಕಾಲಿನ ಬುದ್ಧಿಯನ್ನೇ ತಿದ್ದುವ ಕೆಲಸ. ಜೇವರ್ಗಿ ಕಡೆಯ ನನ್ನ ಪರಿಚಯದ ಒಬ್ಬ ನಿವೃತ್ತ ಮಾಸ್ತರರು ಹೊಸ ಗಾಡಿಯ ಮೊದಲ ವಾರವೇ ಬ್ರೇಕೆಂದು ತಿಳಿದು ಗೇರು ತುಳಿದು, ರಸ್ತೆ ಪಕ್ಕದ ಹತ್ತಿ ಹೊಲದಲ್ಲಿ ಇಳಿದು ನಿಂತರು. ಪೆಟ್ಟಾಗಲಿಲ್ಲ. “ತಲಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ರಿ” ಎಂದು ನಕ್ಕರು. ಮುಂದೆ 2021ರ ಹೊಸ ಕ್ಲಾಸಿಕ್ಕಿನಲ್ಲಿ, 2023ರ ಹೊಸ ಬುಲೆಟ್ಟಿನಲ್ಲಿ ಕಿಕ್ಕೇ ಮಾಯವಾಯಿತು. ಗಾಡಿಯ ನಡುಕ ಕಡಿಮೆಯಾಯಿತೆಂದು ಬೆನ್ನು ನೋವಿನವರು ಹರಸಿದರು. ನಡುಕವಿಲ್ಲದ ಮೇಲೆ ಬುಲೆಟ್ ಯಾಕೆ ಬೇಕು ಎಂದು ಉಳಿದವರು ಕೇಳಿದರು.

ಇದನ್ನೆಲ್ಲ ಒಬ್ಬ ತಜ್ಞರ ಮುಂದೆ ಇಡೋಣವೆಂದು ಆಳಂದದ ನಮ್ಮ ಮಿಸ್ತ್ರಿಯ ಹತ್ತಿರ ಹೋದೆ. ಲಾಡ್ಲೆ ಮಶಾಕರ ಉರುಸಿಗೆ ಬಂದವರ ಗಾಡಿ ಕೆಟ್ಟರೆ ದುಡ್ಡು ತೆಗೆದುಕೊಳ್ಳದೆ ದುರಸ್ತಿ ಮಾಡುವ ಮನುಷ್ಯ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿ, “ಟ್ಯಾಪೆಟ್ ಸಡಿಲ ಅದ” ಎಂದು ಹೇಳುವ ಕಿವಿ ಅವರದು.

“ಅಣ್ಣಾ, ಮೊದಲು ಗಾಡಿ ಬಂತಂದ್ರ ಪ್ಲಗ್ ಬಿಚ್ಚೋದು, ಕಾರ್ಬೇಟರ್ ತೊಳಿಯೋದು, ನಡೀ ಅನ್ನೋದು. ಈಗ ಮೊದಲು ಮಿಷನ್ ಹಚ್ಚಬೇಕು. ಅದು ಏನ್ ಹೇಳ್ತದ ಅದನ್ನ ಕೇಳಬೇಕು. ನನ್ನ ಕಿವಿ ರಿಟೈರ್ ಆಯ್ತು ನೋಡ್ರಿ” ಎಂದರು.

ಅವರು ಹೇಳಿದ ಬದಲಾವಣೆಯ ಬೇರು 2020ರ ಏಪ್ರಿಲ್ 1ರಲ್ಲಿದೆ. ಅಂದಿನಿಂದ ಬಿಎಸ್-6 ಹೊಗೆ ನಿಯಮ ದೇಶಕ್ಕೆಲ್ಲ ಜಾರಿಗೆ ಬಂತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಕೆಲಸವನ್ನು ಬಹುಪಾಲು ಗಾಡಿಗಳಲ್ಲಿ ಕಾರ್ಬೊರೇಟರಿನಿಂದ ಕಿತ್ತು ಒಂದು ಪುಟ್ಟ ಕಂಪ್ಯೂಟರಿಗೆ ಕೊಟ್ಟರು. ಗಾಳಿಯ ಬಿಸಿ, ಎಂಜಿನ್ನಿನ ಬಿಸಿ, ಎಕ್ಸಲೇಟರ್ ಎಷ್ಟು ತಿರುವಿದ್ದೀರಿ ಎಂಬುದನ್ನೆಲ್ಲ ನೋಡಿ ಅದು ಪೆಟ್ರೋಲನ್ನು ಸಿಂಪಡಿಸುತ್ತದೆ. ಲಾಭವಿಲ್ಲವೆ? ಇದೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಹತ್ತು ಸಲ ಒದೆಯುವುದು ತಪ್ಪಿತು. ಹೊಗೆ ಇಳಿಯಿತು. ನಷ್ಟವೂ ಇದೆ. ಗಾಡಿಯ ಬೆಲೆ ಏರಿತು. ಬ್ಯಾಟರಿ ಪೂರಾ ಸತ್ತರೆ ತಳ್ಳಿದರೂ ಎಂಜಿನ್ ಮಾತಾಡುವುದು ಕಷ್ಟ.

ಇನ್ನೊಂದು ಹೋದದ್ದು ರಿಸರ್ವ್. ಹಳೆಯ ಗಾಡಿಗಳಲ್ಲಿ ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಇರುತ್ತಿತ್ತು. ಗಾಡಿ ಗುಟುಕರಿಸಿದ ಕೂಡಲೇ ಎಡಗೈ ತಾನಾಗಿ ಕೆಳಗೆ ಹೋಗಿ ಕಾಕ್ ತಿರುವುತ್ತಿತ್ತು. ಊರು ಮುಟ್ಟುವಷ್ಟು ಪೆಟ್ರೋಲ್ ಅಲ್ಲಿ ಕಾದಿರುತ್ತಿತ್ತು. ಬಡವನ ಗಂಟಿನ ಹಾಗೆ. ಈಗ ಹೆಚ್ಚಿನ ಗಾಡಿಗಳಲ್ಲಿ ಕಾಕೇ ಇಲ್ಲ. ಟ್ಯಾಂಕಿನೊಳಗೆ ಕರೆಂಟಿನ ಪಂಪು ಕೂತಿದೆ. ಆ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. “ಐವತ್ತು ರೂಪಾಯಿ, ನೂರು ರೂಪಾಯಿ ಹಾಕಿಸಿ ಟ್ಯಾಂಕ್ ಒಣಾ ಒಣಾ ಓಡಿಸ್ತಾರ. ಪಂಪ್ ಸುಡ್ತದ. ಆಮ್ಯಾಲ ಸಾವಿರಾರು ರೂಪಾಯಿ ಬಿಲ್ ನೋಡಿ ಗಾಡಿಗಿ ಬೈತಾರ” ಎಂದರು ಮಿಸ್ತ್ರಿ. ಕೈಯಲ್ಲಿ ದುಡ್ಡು ಬಂದಷ್ಟು ಪೆಟ್ರೋಲ್ ಹಾಕಿಸುವ ಕೂಲಿಯವನ ಅಭ್ಯಾಸ ನಕ್ಷೆ ಬರೆದವರಿಗೆ ತಿಳಿದಿರಲಿಲ್ಲವೇನೋ.

ಅವರ ಮಗ ಕಲಬುರಗಿಯಲ್ಲಿ ಹೊಸ ಗಾಡಿಗಳ ಕೆಲಸ ಕಲಿತು ಬಂದಿದ್ದಾನೆ. ಈಗ ಅಂಗಡಿಯಲ್ಲಿ ಎರಡು ಬೆಂಚು. ಒಂದರ ಮೇಲೆ ಅಪ್ಪನ ಪಾನಾಗಳು, ಇನ್ನೊಂದರ ಮೇಲೆ ಮಗನ ಸ್ಕ್ಯಾನರು. ಆ ಸ್ಕ್ಯಾನರಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಮಗನನ್ನು ಕಳಿಸಿ ಕಲಿಸುವ ಶಕ್ತಿ ಇಲ್ಲದ ಮಿಸ್ತ್ರಿಗಳ ಗತಿ ಏನೆಂದು ನಾನು ಕೇಳಲಿಲ್ಲ. ಪಕ್ಕದ ಮುಚ್ಚಿದ ಶಟರು ಉತ್ತರ ಹೇಳುತ್ತಿತ್ತು.

ಜೇವರ್ಗಿಯ ರೈತರದು ಬೇರೆ ತಕರಾರು. ಅಲ್ಲಿಯ ಎರೆಭೂಮಿಯ ಕೆಸರು ಹಿಡಿದರೆ ಬಿಡುವುದಲ್ಲ. ಮಳೆಗಾಲದಲ್ಲಿ ಹೊಲದ ದಾರಿಗೆ ಹೊಸ ಗಾಡಿ ಇಳಿಸಿ ನೋಡಿ. ಗಾಲಿಗೆ ಅಪ್ಪಿಕೊಂಡಂತಿರುವ ಚೆಂದದ ಮಡ್‌ಗಾರ್ಡಿನೊಳಗೆ ಕರಿಮಣ್ಣು ಗಿಡಿದು, ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ತೆಗೆದುಕೊಂಡು ಕೆದರುತ್ತ ಕೂಡಬೇಕು. ಹಳೆಯ ಗಾಡಿಯ ಅಗಲ ಮಡ್‌ಗಾರ್ಡಿನಲ್ಲಿ ಅಷ್ಟಿಷ್ಟು ಮಣ್ಣಿಗೂ ಜಾಗವಿತ್ತು. ಆದರೆ ಅದೇ ರೈತರು ಟ್ಯೂಬ್‌ಲೆಸ್ ಟೈರನ್ನು ಬಾಯಿ ತುಂಬ ಹೊಗಳುತ್ತಾರೆ. ಜಾಲಿಮುಳ್ಳು ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ, ಪಂಕ್ಚರ್ ಅಂಗಡಿಯ ತನಕ ಮುಟ್ಟಬಹುದು. ಮೊದಲಾದರೆ ನಡುದಾರಿಯಿಂದ ದೂಡಿಕೊಂಡೇ ಬರಬೇಕಿತ್ತು. ಹೊಸದನ್ನು ಪೂರಾ ಒಪ್ಪುವವರೂ ಕಡಿಮೆ, ಪೂರಾ ಬಯ್ಯುವವರೂ ಕಡಿಮೆ. ಒಂದೇ ಗಾಡಿಯ ಟೈರಿಗೆ ಕೈ ಮುಗಿದು ಮಡ್‌ಗಾರ್ಡಿಗೆ ಶಾಪ ಹಾಕುವವರೇ ಹೆಚ್ಚು. 1994ರಲ್ಲಿ ಬಂದ ಸ್ಪ್ಲೆಂಡರ್ ತನ್ನ ಮುಖವನ್ನು ಹೆಚ್ಚು ಬದಲಿಸದೆ ಇಂದಿಗೂ ಹಳ್ಳಿಗಳಲ್ಲಿ ಓಡುತ್ತಿರುವುದರ ಗುಟ್ಟು ಇಲ್ಲೇ ಇರಬೇಕು.

ಇನ್ನು ಯಾರೂ ಕೇಳದ ಅಭಿಪ್ರಾಯವೊಂದಿದೆ, ಹಿಂದೆ ಕೂಡುವವರದು. ಕಾಕು ಹೊಸ ಗಾಡಿಯ ಮೇಲೆ ಮೊದಲ ಸಲ ಗಾಣಗಾಪುರಕ್ಕೆ ಹೋಗಿ ಬಂದವಳು ಸೊಂಟ ಹಿಡಿದುಕೊಂಡು ಇಳಿದಳು. “ಗಾಡಿ ಛಲೋ ಅದ. ಆದ್ರ ಹಿಂದಿನ ಸೀಟು ಅಟ್ಟಕ್ಕ ಏರಿಸ್ಯಾರ. ಸೀರಿ ಉಟ್ಟವರು ಹತ್ತೋದು ಹ್ಯಾಂಗ? ದತ್ತಪ್ಪನ ನೆನೆಸ್ಕೋತ ಹೋದೆ, ನೆನೆಸ್ಕೋತ ಬಂದೆ” ಎಂದಳು. ಯೆಜ್ಡಿಯ ಉದ್ದನೆಯ ಸಪಾಟು ಸೀಟಿನ ಮೇಲೆ ಗಂಡ, ಹೆಂಡತಿ, ನಡುವೆ ಎರಡು ಮಕ್ಕಳು ಕೂತು ಜಾತ್ರೆಗೆ ಹೋದ ದಿನಗಳು ಅವಳಿಗೆ ನೆನಪಿವೆ. ಅದು ಕಾಯ್ದೆಗೂ ಜೀವಕ್ಕೂ ಒಳ್ಳೆಯದಾಗಿರಲಿಲ್ಲ, ನಿಜ. ಆದರೆ ಇಬ್ಬರು ಕೂಡುವುದಕ್ಕಾದರೂ ಹದವಾದ ಜಾಗ ಬೇಕಲ್ಲ?

ಹೀಗೆ ನಾನು ಮನಸ್ಸಿನಲ್ಲಿಯೇ ಹಳೆಯದರ ಪಕ್ಷ ಸೇರಿದ್ದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಕಾಕಾನ ಊರಿಗೆ ಹೋದಾಗ ಕಥೆ ತಿರುಗಿತ್ತು.

ಅದಕ್ಕೆ ಒಂದು ವಾರ ಮೊದಲು ಮಗ ರಾತ್ರಿ ಅಫಜಲಪುರದಿಂದ ಬರುತ್ತಿದ್ದನಂತೆ. ಕಬ್ಬು ನುರಿಸುವ ಕಾಲ. ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರಾಲಿಯೊಂದು ಅಚ್ಚು ಮುರಿದು ರಸ್ತೆಯ ಮೇಲೆಯೇ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಬಿಲ್ಲೆ ಇಲ್ಲ, ಒಂದು ಕಲ್ಲು ಕೂಡ ಅಡ್ಡ ಇಟ್ಟಿಲ್ಲ. ಹೊಸ ಗಾಡಿಯ ಬಿಳಿ ಬೆಳಕಿನಲ್ಲಿ ಕಬ್ಬಿನ ಸೋಗೆ ಕಂಡಿತು. ಎರಡೂ ಬ್ರೇಕು ಹಿಡಿದ. ಗಾಲಿ ಜಾರಲಿಲ್ಲ. ಟ್ರಾಲಿಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು. ಗಾಬರಿಯಲ್ಲಿ ಬ್ರೇಕ್ ಒತ್ತಿದಾಗ ಗಾಲಿ ಸೆಟೆದು ಜಾರದಂತೆ ಹಿಡಿದು-ಬಿಟ್ಟು, ಹಿಡಿದು-ಬಿಟ್ಟು ಮಾಡುವ ಎಬಿಎಸ್ ಎಂಬ ಏರ್ಪಾಡು 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಸಣ್ಣ ಗಾಡಿಗಳಿಗೆ ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿ ಹಿಡಿಯುವ ಸಿಬಿಎಸ್ ಆದರೂ ಇರಬೇಕೆಂದು ಆಗ ನಿಯಮವಾಯಿತು. 2017ರಿಂದ ಹಗಲಲ್ಲೂ ಮುಂದಿನ ದೀಪ ಉರಿಯುವ ಹಾಗೆ ಮಾಡಿದ್ದೂ ಎದುರಿನವರಿಗೆ ಗಾಡಿ ಕಾಣಲೆಂದೇ. ನಾವೆಲ್ಲ ಆಗ ಎದುರು ಬಂದವರಿಗೆ ಬೆರಳು ಮುಚ್ಚಿ ತೆರೆದು “ಲೈಟ್ ಹತ್ತೇದ, ಆರಿಸು” ಎಂದು ಸನ್ನೆ ಮಾಡಿ ಉಪಕಾರ ಮಾಡಿದೆವೆಂದು ತಿಳಿದಿದ್ದೆವು!

ಈ ಸುದ್ದಿ ಕೇಳಿದ ರಾತ್ರಿ ಕಾಕಾ ಊಟ ಮಾಡಲಿಲ್ಲವಂತೆ. ಕಾರಣ ಕಾಕು ನನಗೆ ಮೆಲ್ಲಗೆ ಹೇಳಿದಳು. ಕಾಕಾನ ಜೀವದ ಗೆಳೆಯರೊಬ್ಬರು, ಅವರೂ ಅಂಥದೇ ಹಳೆಯ ಗಾಡಿಯವರು, ಎಷ್ಟೋ ವರ್ಷಗಳ ಹಿಂದೆ ಹೀಗೇ ಒಂದು ರಾತ್ರಿ ನಿಂತ ಬಂಡಿಗೆ ಬಡಿದು ತೀರಿಕೊಂಡಿದ್ದರು. ಹಳೆಯ ಗಾಡಿಯ ದೀಪದ ಗುಣ ಬಲ್ಲವರೇ ಬಲ್ಲರು. ಎಂಜಿನ್ ಜೋರಾದರೆ ಬೆಳಕು, ನಿಧಾನಿಸಿದರೆ ಹಣತೆ. ದಾರಿ ಕಾಣದ ಕಡೆ ನಿಧಾನಿಸಬೇಕು, ನಿಧಾನಿಸಿದರೆ ದಾರಿ ಕಾಣದು.

ಎಳ್ಳಮಾವಾಸ್ಯೆಯ ದಿನ ಭಜ್ಜಿ, ಸಜ್ಜಿರೊಟ್ಟಿ, ಕಡುಬು ಉಂಡು ಹೊಲದಲ್ಲಿಯೇ ಹೊತ್ತು ಮುಳುಗಿತು. ಮನೆಗೆ ಬರುವಾಗ ಕಾಕಾ ಯಾರ ಮುಖವನ್ನೂ ನೋಡದೆ ಮಗನ ಗಾಡಿಯ ಹತ್ತಿರ ಹೋಗಿ, “ಲೈಟ್ ಹಚ್ಚು ನೋಡೋಣ” ಎಂದರು. ಬೆಳಕು ದೂರದ ಬೇವಿನ ಮರದ ತನಕ ಹೋಯಿತು. ಕಾಕಾ ಸ್ವಲ್ಪ ಹೊತ್ತು ಆ ಮರವನ್ನೇ ನೋಡುತ್ತ ನಿಂತರು. ಆಮೇಲೆ ಅಟ್ಟದಂಥ ಹಿಂದಿನ ಸೀಟನ್ನು ಹೇಗೋ ಏರಿ ಕೂತರು.

ಗಾಡಿ ಮಾಡುವವರಿಗೆ ನಾವು ಹೇಳಬೇಕಾದದ್ದು ಇಷ್ಟೆ: ದೀಪ, ಬ್ರೇಕು ಕೊಟ್ಟದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ. ಇನ್ನೊಂದು ಸಲ ನಕ್ಷೆ ಬರೆಯುವ ಮೊದಲು ಶ್ರಾವಣದಲ್ಲಿ ಒಮ್ಮೆ ಜೇವರ್ಗಿಯ ಹೊಲದ ದಾರಿಗೆ ಬನ್ನಿ. ಸೀರೆ ಉಟ್ಟ ಒಬ್ಬ ತಾಯಿಯನ್ನು ಹಿಂದೆ ಕೂಡಿಸಿಕೊಂಡು ಬನ್ನಿ. ಕೊಳ್ಳುವವರಿಗೂ ಒಂದು ಮಾತು. ಶೋರೂಮಿಗೆ ಹೋಗುವಾಗ ಮನೆಯವರನ್ನು ಕರೆದೊಯ್ದು ಹಿಂದೆ ಕೂಡಿಸಿ ನೋಡಿ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹೋಗುತ್ತದೆಯೇ ನೋಡಿ. ಟ್ಯಾಂಕ್ ಒಣಗಲು ಬಿಡಬೇಡಿ.

ಮನೆ ಮುಂದೆ ಇಳಿದ ಕಾಕಾನನ್ನು ನಾನು ಕೇಳಿದೆ: “ಹ್ಯಾಂಗ ಅದ ಕಾಕಾ, ಮಿಕ್ಸರ್?”

ಅವರು ಚಪ್ಪಲಿ ಬಿಡುತ್ತ ಅಂದರು: “ಅದ, ಛಲೋ ಅದ. ಕಿಕ್ ಒಂದು ಇಡಬೇಕಿತ್ತು ನೋಡು.”