ರೆಕ್ಕೆಯ ಮೇಲೆ ಸ್ವಂತ ಬಾವುಟ, ಒಡಲಲ್ಲಿ ಯಾರ ಎಂಜಿನ್?

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಜರಗಿದ ಏರೋ ಇಂಡಿಯಾ ಪ್ರದರ್ಶನಕ್ಕೆ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಯುದ್ಧವಿಮಾನಗಳೆರಡೂ ಬಂದಿದ್ದವು. ಪರಸ್ಪರ ಕತ್ತಿ ಮಸೆಯುತ್ತಿರುವ ಎರಡು ಶಕ್ತಿಗಳು ತಮ್ಮ ಅತ್ಯಾಧುನಿಕ ಅಸ್ತ್ರಗಳನ್ನು ಒಂದೇ ಅಂಗಳಕ್ಕೆ ತಂದು ನಿಲ್ಲಿಸಿದ್ದು ಸ್ನೇಹಕ್ಕಾಗಿ ಆಗಿರಲಿಲ್ಲ. ಇಬ್ಬರ ಕಣ್ಣೂ ಒಬ್ಬನೇ ಗಿರಾಕಿಯ ಜೇಬಿನ ಮೇಲಿತ್ತು. ಅದೇ ವಾರ ವಾಶಿಂಗ್ಟನ್ನಿನಲ್ಲಿ ಅಧ್ಯಕ್ಷ ಟ್ರಂಪ್, ಪ್ರಧಾನಿ ಮೋದಿಯವರ ಸಮ್ಮುಖದಲ್ಲಿಯೇ, ಭಾರತಕ್ಕೆ ಎಫ್-35 ಒದಗಿಸುವ ದಾರಿಯನ್ನು ತೆರೆಯುವುದಾಗಿ ಘೋಷಿಸಿದರು. ಎರಡರಲ್ಲಿ ಯಾವುದು ಉತ್ತಮ ಎಂಬ ಚರ್ಚೆ ಬಿರುಸಾಗಿಯೇ ನಡೆಯಿತು. ಆದರೆ ಯಾವುದನ್ನು ಕೊಂಡರೂ ಅದರ ಲಗಾಮು ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಸ್ಟೆಲ್ತ್ ವಿಮಾನವೆಂದರೆ ಮಾಯಾವಿಯೇನಲ್ಲ. ರಾಡಾರ್ ಹೊರಸೂಸುವ ಅಲೆಗಳು ವಸ್ತುವಿಗೆ ತಾಗಿ ಹಿಂದಿರುಗಿದಾಗ ಮಾತ್ರ ಅದರ ಇರವು ತಿಳಿಯುತ್ತದೆ. ವಿಮಾನದ ಮೈಯನ್ನು ಓರೆಯಾಗಿ ರೂಪಿಸಿ ಅಲೆಗಳನ್ನು ಬೇರೆ ದಿಕ್ಕಿಗೆ ಚದುರಿಸುವುದು, ಅಲೆಗಳನ್ನು ಹೀರಿಕೊಳ್ಳುವ ಲೇಪವನ್ನು ಬಳಿಯುವುದು, ಕ್ಷಿಪಣಿಗಳನ್ನು ರೆಕ್ಕೆಯ ಕೆಳಗೆ ತೂಗುಹಾಕದೆ ಹೊಟ್ಟೆಯೊಳಗೆ ಅಡಗಿಸುವುದು, ಇಷ್ಟೇ ಇದರ ಗುಟ್ಟು. ಇದು ಸಂಪೂರ್ಣ ಅಗೋಚರವೂ ಅಲ್ಲ. 1999ರ ಮಾರ್ಚ್‌ನಲ್ಲಿ ಅಮೆರಿಕದ ಎಫ್-117 ವಿಮಾನವನ್ನು ಸರ್ಬಿಯಾದ ಸೈನಿಕರು 1960ರ ದಶಕದ ಸೋವಿಯತ್ ಕ್ಷಿಪಣಿಯಿಂದಲೇ ಹೊಡೆದುರುಳಿಸಿದ್ದರು.

ಆದರೂ ಏಷ್ಯದ ರಾಷ್ಟ್ರಗಳು ಇಂದು ಈ ವಿಮಾನದ ಬೆನ್ನು ಹತ್ತಿವೆ. ಚೀನಾದ ಜೆ-20 ಮೊದಲ ಬಾರಿಗೆ ಹಾರಿದ್ದು 2011ರ ಜನವರಿಯಲ್ಲಿ, ಅದೂ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿದ್ದಾಗಲೇ. 2024ರ ನವೆಂಬರ್‌ನಲ್ಲಿ ಅದು ಜೆ-35ಎ ಎಂಬ ಇನ್ನೊಂದು ವಿಮಾನವನ್ನು ಜಗತ್ತಿಗೆ ತೋರಿಸಿತು. ಜಪಾನ್ 2016ರಲ್ಲಿ ತನ್ನ ಪ್ರಾಯೋಗಿಕ ಎಕ್ಸ್-2 ವಿಮಾನವನ್ನು ಹಾರಿಸಿತು. 2022ರ ಡಿಸೆಂಬರ್‌ನಲ್ಲಿ ಬ್ರಿಟನ್ ಹಾಗೂ ಇಟಲಿಯೊಂದಿಗೆ ಕೈಜೋಡಿಸಿ, 2035ರ ವೇಳೆಗೆ ಹೊಸ ವಿಮಾನವೊಂದನ್ನು ನಿರ್ಮಿಸುವುದಾಗಿ ಪ್ರಕಟಿಸಿತು. ದಕ್ಷಿಣ ಕೊರಿಯಾದ ಕೆಎಫ್-21 ಪೂರ್ಣ ಅರ್ಥದಲ್ಲಿ ಸ್ಟೆಲ್ತ್ ಅಲ್ಲದಿದ್ದರೂ ಆ ದಾರಿಯ ಮೊದಲ ಮೆಟ್ಟಿಲು. ಅದು ಹಾರಿದ್ದು 2022ರ ಜುಲೈಯಲ್ಲಿ. ತುರ್ಕಿಯ ಕಾನ್ 2024ರ ಫೆಬ್ರವರಿಯಲ್ಲಿ ಆಗಸಕ್ಕೇರಿತು. ಮರುತಿಂಗಳೇ ಭಾರತ ಸರಕಾರವು ಆಮ್ಕಾ ಯೋಜನೆಗೆ ಸುಮಾರು 15,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು.

ಎಲ್ಲರ ಬಾಯಲ್ಲೂ ಒಂದೇ ಮಂತ್ರ: ಸ್ವಾವಲಂಬನೆ. ಈ ಮಂತ್ರವನ್ನು ಒರೆಗೆ ಹಚ್ಚಲು ಒಂದು ಸುಲಭದ ದಾರಿಯಿದೆ. ರೆಕ್ಕೆಯ ಮೇಲಿನ ಬಾವುಟವನ್ನು ನೋಡುವುದು ಬಿಟ್ಟು, ಒಡಲಲ್ಲಿರುವ ಎಂಜಿನ್ ಯಾರದೆಂದು ಕೇಳಬೇಕು. ಯಾಕೆಂದರೆ ವಿಮಾನದಲ್ಲಿ ಅತ್ಯಂತ ಕಠಿಣವಾದದ್ದು ಅದುವೇ. ಎಂಜಿನಿನೊಳಗಿನ ಟರ್ಬೈನಿನ ಅಲಗುಗಳು ತಮ್ಮ ಲೋಹವೇ ಕರಗಿ ಹೋಗುವಷ್ಟು ಬಿಸಿಯಾದ ಅನಿಲದ ನಡುವೆ ತಿರುಗಬೇಕು. ಅದಕ್ಕಾಗಿ ಒಂದೊಂದು ಅಲಗನ್ನೂ ಲೋಹದ ಒಂದೇ ಹರಳಾಗಿ ಎರಕ ಹೊಯ್ದು, ಅದರೊಳಗೆ ತಂಪುಗಾಳಿ ಹರಿಯಲು ಸೂಕ್ಷ್ಮವಾದ ನಾಳಗಳನ್ನು ಕೊರೆಯಬೇಕು. ಈ ವಿದ್ಯೆಯನ್ನು ಪೂರ್ಣವಾಗಿ ಬಲ್ಲ ರಾಷ್ಟ್ರಗಳು ಕೆಲವೇ ಕೆಲವು. ಅವು ಅದನ್ನು ಯಾರಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮೊದಲು ತುರ್ಕಿಯ ವಿಷಯಕ್ಕೆ ಬರೋಣ. ಕಾನ್ ಹಾರಿದಾಗ ನಮ್ಮ ಅನೇಕ ಮನೆಗಳಲ್ಲಿ ಸಂಭ್ರಮ ಮೂಡಿತ್ತು. ಒಂದು ಮುಸ್ಲಿಮ್ ರಾಷ್ಟ್ರ ಇಂಥದ್ದನ್ನು ಸಾಧಿಸಿತಲ್ಲ ಎಂಬ ಹೆಮ್ಮೆ ಸಹಜವೇ. ತುರ್ಕಿಯ ತಂತ್ರಜ್ಞರ ಪರಿಶ್ರಮವನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಆದರೆ ಅಭಿಮಾನವು ಕಣ್ಣಿಗೆ ಪೊರೆಯಾಗಬಾರದು. ತುರ್ಕಿಯು ಎಫ್-35 ಯೋಜನೆಯಲ್ಲಿ ಪಾಲುದಾರ ರಾಷ್ಟ್ರವಾಗಿತ್ತು. ಅದರ ಬಿಡಿಭಾಗಗಳನ್ನೂ ತಯಾರಿಸುತ್ತಿತ್ತು. ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆಯನ್ನು ಖರೀದಿಸಿದ ಕಾರಣಕ್ಕೆ 2019ರಲ್ಲಿ ಅಮೆರಿಕವು ಅದನ್ನು ಆ ಯೋಜನೆಯಿಂದಲೇ ಹೊರದಬ್ಬಿತು. ಆ ಅವಮಾನಕ್ಕೆ ಉತ್ತರವೆಂಬಂತೆ ಕಾನ್ ಹಾರಿತು. ಆದರೆ ಅದನ್ನು ಹಾರಿಸಿದ್ದು ಅಮೆರಿಕದ್ದೇ ಎಫ್-110 ಎಂಜಿನ್! 2025ರ ಸೆಪ್ಟೆಂಬರ್‌ನಲ್ಲಿ ತುರ್ಕಿಯ ವಿದೇಶಾಂಗ ಸಚಿವ ಹಕಾನ್ ಫಿದಾನ್ ಅವರೇ ಈ ಎಂಜಿನ್‌ಗಳ ಪರವಾನಿಗೆಯು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಸಿಲುಕಿಕೊಂಡಿರುವುದಾಗಿ ಬಹಿರಂಗವಾಗಿ ಹೇಳಬೇಕಾಯಿತು. ಹೊರದಬ್ಬಿದವನ ಬಾಗಿಲನ್ನೇ ಮತ್ತೆ ತಟ್ಟಬೇಕಾದ ಸ್ಥಿತಿ ಇದು. ಸ್ವಂತ ಎಂಜಿನ್ ನಿರ್ಮಿಸುವ ಯತ್ನದಲ್ಲಿ ತುರ್ಕಿ ತೊಡಗಿದೆ. ಅದು ಕೈಗೂಡುವ ದಿನವೇ ನಿಜವಾದ ಸಂಭ್ರಮದ ದಿನ.

ಕೊರಿಯಾದ ಕಥೆಯೂ ಬೇರೆಯಲ್ಲ. ಕೆಎಫ್-21ರ ಒಡಲಲ್ಲಿರುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಎಫ್-414. ಈ ಯೋಜನೆಯ ವೆಚ್ಚದಲ್ಲಿ ಶೇ. 20ನ್ನು ಭರಿಸಲು ಇಂಡೋನೇಷ್ಯಾ ಒಪ್ಪಿಕೊಂಡಿತ್ತು. ವರ್ಷಗಟ್ಟಲೆ ಬಾಕಿ ಉಳಿಸಿಕೊಂಡು, ಕೊನೆಗೆ ತನ್ನ ಪಾಲನ್ನು ಸುಮಾರು ಮೂರನೇ ಒಂದಕ್ಕೆ ಇಳಿಸಬೇಕೆಂದು ಕೇಳಿಕೊಂಡಿತು; 2024ರಲ್ಲಿ ಕೊರಿಯಾ ಅದಕ್ಕೆ ಸಮ್ಮತಿಸಿತು. ಹೀಗೆ ಹಳೆಯ ಕಂತನ್ನೇ ಕಟ್ಟಲಾಗದ ಇಂಡೋನೇಷ್ಯಾ 2025ರ ಜೂನ್‌ನಲ್ಲಿ ತುರ್ಕಿಯಿಂದ 48 ಕಾನ್ ವಿಮಾನಗಳನ್ನು ಕೊಳ್ಳುವ ಒಪ್ಪಂದವನ್ನು ಮಾಡಿಕೊಂಡಿತು.

ನೆರೆಯ ಪಾಕಿಸ್ತಾನವನ್ನು ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 700 ಕೋಟಿ ಡಾಲರ್‌ಗಳ ಸಾಲಕ್ಕೆ ಮಂಜೂರಾತಿ ಪಡೆದ ರಾಷ್ಟ್ರವದು. 2025ರ ಮೇ ತಿಂಗಳ ಸಂಘರ್ಷದ ಬೆನ್ನಲ್ಲೇ ಮಂಡಿಸಿದ ಬಜೆಟ್‌ನಲ್ಲಿ ಒಟ್ಟು ವೆಚ್ಚವನ್ನು ಇಳಿಸಿಯೂ ರಕ್ಷಣಾ ವೆಚ್ಚವನ್ನು ಶೇ. 20ರಷ್ಟು ಏರಿಸಿತು. ಅದೇ ಜೂನ್‌ನಲ್ಲಿ, ಚೀನಾ ತನಗೆ 40 ಜೆ-35 ವಿಮಾನಗಳನ್ನು ನೀಡಲು ಮುಂದಾಗಿದೆಯೆಂದು ಅಲ್ಲಿನ ಸರಕಾರವೇ ಸಾರಿತು. ಕೆಲವೇ ದಿನಗಳಲ್ಲಿ ಅಲ್ಲಿನ ರಕ್ಷಣಾ ಸಚಿವರೇ ಅದನ್ನು ಬರೀ ಮಾಧ್ಯಮಗಳ ಮಾತೆಂದು ತಳ್ಳಿಹಾಕಿದರು. ಬಡವನ ತಟ್ಟೆಯ ರೊಟ್ಟಿಯನ್ನು ಕಿರಿದುಗೊಳಿಸಿ ಆಕಾಶದಲ್ಲಿ ಗರ್ವ ಮೆರೆಯುವುದು ಯಾವ ಶೌರ್ಯ?

ಇನ್ನು ನಮ್ಮ ದೇಶ. ಸ್ವಂತ ಎಂಜಿನ್ ಬೇಕೆಂಬ ಅರಿವು ನಮಗೆ ಇರಲಿಲ್ಲವೆಂದಲ್ಲ. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಗೆ ಕಾವೇರಿ ಎಂಜಿನ್ ಯೋಜನೆಯನ್ನು ವಹಿಸಿದ್ದು 1989ರಲ್ಲಿ. ಆದರೆ ನಿರೀಕ್ಷಿತ ಬಲ ದೊರೆಯದೆ 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. 2001ರಲ್ಲಿ ಮೊದಲು ಹಾರಿದ ತೇಜಸ್ ಇಂದಿಗೂ ಅಮೆರಿಕದ ಎಫ್-404 ಎಂಜಿನನ್ನೇ ನಂಬಿಕೊಂಡಿದೆ. 2021ರ ಫೆಬ್ರವರಿಯಲ್ಲಿ ಸುಮಾರು 48,000 ಕೋಟಿ ರೂಪಾಯಿಗಳಿಗೆ 83 ತೇಜಸ್ ಮಾರ್ಕ್-1ಎ ವಿಮಾನಗಳ ಒಪ್ಪಂದವಾಯಿತು. ಅವುಗಳ ಮೊದಲ ಎಂಜಿನ್ ಅಮೆರಿಕದಲ್ಲಿ ಹಸ್ತಾಂತರವಾದದ್ದು 2025ರ ಮಾರ್ಚ್‌ನಲ್ಲಿ! ಇತ್ತ 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ವಿಮಾನಗಳು ನಿವೃತ್ತಿಯಾದಾಗ ವಾಯುಪಡೆಯಲ್ಲಿ ಉಳಿದದ್ದು 29 ಸ್ಕ್ವಾಡ್ರನ್‌ಗಳು. ಮಂಜೂರಾದ ಸಂಖ್ಯೆ 42. ರಷ್ಯಾದೊಂದಿಗೆ ಐದನೇ ತಲೆಮಾರಿನ ವಿಮಾನ ನಿರ್ಮಿಸಲು 29.5 ಕೋಟಿ ಡಾಲರ್ ಸುರಿದು 2018ರಲ್ಲಿ ಕೈಬಿಟ್ಟದ್ದೂ ಇದೇ ಸಾಲಿಗೆ ಸೇರುತ್ತದೆ. ಆಮ್ಕಾದ ಮೊದಲ ಮಾದರಿಗಳಿಗೂ ಅಮೆರಿಕದ ಎಫ್-414 ಎಂಜಿನನ್ನೇ ನಿಗದಿಪಡಿಸಲಾಗಿದೆ.

ದೇಶಕ್ಕೆ ರಕ್ಷಣೆ ಬೇಡವೆನ್ನುವವರು ನಾವಲ್ಲ. ನೆರೆಯವನು ಆಯುಧ ಹಿಡಿದಿರುವಾಗ ನಾವು ಬರಿಗೈಯಲ್ಲಿ ಕುಳಿತಿರಬೇಕೆಂದು ಯಾರೂ ಹೇಳಲಾರರು. ನಮ್ಮ ತಕರಾರು ಇರುವುದು ರಕ್ಷಣೆಯ ಹೆಸರಿನಲ್ಲಿ ಪರಾವಲಂಬನೆಯನ್ನು ಪೋಷಿಸುತ್ತಿರುವುದರ ಬಗ್ಗೆ. ಈ ಪ್ರಶ್ನೆಯನ್ನು ಎತ್ತುವವನ ಹಣೆಗೆ ದೇಶದ್ರೋಹದ ಚೀಟಿ ಅಂಟಿಸುವುದು ಈಗ ವಾಡಿಕೆಯಾಗಿದೆ. ಅವನು ಮುಸ್ಲಿಮನಾದರೆ ಚೀಟಿ ಮೊದಲೇ ಸಿದ್ಧವಾಗಿರುತ್ತದೆ. ಆದರೆ ತೆರಿಗೆ ಕಟ್ಟುವ ಪ್ರಜೆ ಲೆಕ್ಕ ಕೇಳುವುದು ದ್ರೋಹವಾದರೆ, ವರ್ಷಗಟ್ಟಲೆ ಎಂಜಿನಿಗಾಗಿ ಪರರ ಬಾಗಿಲಲ್ಲಿ ಕಾಯುವಂತೆ ಮಾಡಿದ ನೀತಿಯನ್ನು ಏನೆಂದು ಕರೆಯೋಣ?

ಚೀನಾ ಈ ಬಾಗಿಲಿನಿಂದ ಹೊರಬಂದದ್ದು ಹೇಗೆ? ಆರಂಭದ ಜೆ-20ಗಳೂ ರಷ್ಯಾದ ಎಂಜಿನನ್ನೇ ಅವಲಂಬಿಸಿದ್ದವು. ಉಯಿಗುರ್ ಮುಸ್ಲಿಮರ ಮೇಲೆ ಆ ಸರಕಾರ ನಡೆಸುತ್ತಿರುವ ದಬ್ಬಾಳಿಕೆಯನ್ನು ನಾವು ಎಂದೂ ಒಪ್ಪಲಾರೆವು. ಆದರೂ ಅದು ದಶಕಗಳ ಕಾಲ ಪ್ರಯೋಗಾಲಯಗಳಿಗೆ ಮತ್ತು ವಿಶ್ವವಿದ್ಯಾನಿಲಯಗಳಿಗೆ ಹಣವೆರೆದು, ಸೋಲುಗಳನ್ನು ಸಹಿಸಿ, ಸ್ವಂತ ಎಂಜಿನ್ ಪಡೆಯಿತೆಂಬುದು ಸತ್ಯ. 2020ರ ಸುಮಾರಿಗೆ ಚೀನಾ ತನ್ನ ರಾಷ್ಟ್ರೀಯ ಉತ್ಪನ್ನದ ಶೇ. 2.4ನ್ನೂ ದಕ್ಷಿಣ ಕೊರಿಯಾ ಶೇ. 4.8ನ್ನೂ ಸಂಶೋಧನೆಗೆ ವ್ಯಯಿಸುತ್ತಿದ್ದವು. ಭಾರತದ ಪಾಲು 2020-21ರಲ್ಲಿ ಶೇ. 0.64 ಮಾತ್ರ.

ಸ್ಟೆಲ್ತ್ ತಂತ್ರಜ್ಞಾನದ ಚರಿತ್ರೆಯಲ್ಲಿಯೇ ಇದಕ್ಕೊಂದು ಪಾಠವಿದೆ. ಅಲೆಗಳು ಚದುರುವ ಬಗೆಯನ್ನು ಗಣಿತದ ಸೂತ್ರಗಳಲ್ಲಿ ಹಿಡಿದಿಟ್ಟವನು ಪ್ಯೋತರ್ ಉಫಿಮ್ತ್‌ಸೆವ್ ಎಂಬ ಸೋವಿಯತ್ ವಿಜ್ಞಾನಿ. 1962ರಲ್ಲಿ ಪ್ರಕಟವಾದ ಅವನ ಗ್ರಂಥದ ಬೆಲೆಯನ್ನು ಅವನ ಸರಕಾರ ಅರಿಯಲಿಲ್ಲ. ಅಮೆರಿಕದ ವಾಯುಪಡೆ 1971ರಲ್ಲಿ ಅದನ್ನು ಅನುವಾದಿಸಿಕೊಂಡಿತು. ಲಾಕ್‌ಹೀಡ್ ಕಂಪೆನಿಯ ತಂತ್ರಜ್ಞರು ಅದರ ನೆರವಿನಿಂದ ಸ್ಟೆಲ್ತ್ ವಿಮಾನವನ್ನು ರೂಪಿಸಿದರು. ತನ್ನ ವಿದ್ವಾಂಸನನ್ನು ಕಡೆಗಣಿಸಿದ ರಾಷ್ಟ್ರ ತನ್ನ ಮನೆಯ ಬೀಜದಿಂದ ಬಂದ ಫಸಲನ್ನು ಪರರ ಹೊಲದಲ್ಲಿ ನೋಡಬೇಕಾಯಿತು.

ನಾವೇನು ಮಾಡುತ್ತಿದ್ದೇವೆ? ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022ರಲ್ಲಿ ನಿಲ್ಲಿಸಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತಿದೆ ಎಂಬುದು ಕೊಟ್ಟ ಕಾರಣ. ವಿಮಾನಕ್ಕೆ ಸಾವಿರಾರು ಕೋಟಿಗಳನ್ನು ಎಣಿಸಿ ಕೊಡುವ ಕೈ, ನಾಳೆ ಆ ವಿಮಾನದ ಎಂಜಿನನ್ನು ರೂಪಿಸಬಲ್ಲ ವಿದ್ಯಾರ್ಥಿಯ ಪುಟ್ಟ ವೇತನಕ್ಕೆ ಬಂದಾಗ ಮುಷ್ಟಿ ಬಿಗಿಯುತ್ತದೆ.

ಆದ್ದರಿಂದ ಪ್ರತಿಯೊಂದು ವಿಮಾನ ಒಪ್ಪಂದದಲ್ಲೂ ಎಂಜಿನಿನ ತಂತ್ರಜ್ಞಾನ ಎಷ್ಟು ದೊರೆಯುತ್ತದೆ, ಯಾರ ಅನುಮತಿಯಿಲ್ಲದೆ ವಿಮಾನ ಹಾರಲಾರದು ಎಂಬುದನ್ನು ಸರಕಾರವು ಸಂಸತ್ತಿಗೆ ತಿಳಿಸಬೇಕು. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಫ್ರಾನ್ಸಿನ ಸಾಫ್ರಾನ್ ಕಂಪೆನಿಯೊಂದಿಗೆ ಭಾರತದಲ್ಲಿಯೇ ಎಂಜಿನ್ ಅಭಿವೃದ್ಧಿಪಡಿಸುವುದಾಗಿ ಹೇಳಿದ್ದಾರೆ. ಆ ಮಾತನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಸಂಶೋಧನೆಯ ಪಾಲನ್ನು ಏರಿಸದ ಸರಕಾರಕ್ಕೆ ಸ್ವಾವಲಂಬನೆಯ ಮಾತಾಡುವ ಹಕ್ಕಿಲ್ಲ.

ನಮ್ಮ ಮನೆಗಳಲ್ಲೂ ಒಂದು ಬದಲಾವಣೆ ಆಗಬೇಕಾಗಿದೆ. ಕಾನ್ ಹಾರುವ ದೃಶ್ಯವನ್ನು ಮೊಬೈಲಿನಲ್ಲಿ ಹತ್ತು ಸಲ ನೋಡಿ ಹಿಗ್ಗುವ ತರುಣನನ್ನು ಹೆತ್ತವರು ಕರೆದು, ಲೋಹಶಾಸ್ತ್ರ ಓದುತ್ತೀಯಾ, ಗಣಿತ ಓದುತ್ತೀಯಾ ಎಂದು ಕೇಳಲಿ. ಮಗಳಿಗೂ ಅದೇ ಪ್ರಶ್ನೆಯನ್ನು ಕೇಳಲಿ. ರೆಕ್ಕೆಗೆ ಬಾವುಟ ಬಳಿಯಲು ಅರ್ಧ ದಿನ ಸಾಕು. ಎಂಜಿನ್ ನಿರ್ಮಿಸಬಲ್ಲ ತಲೆಮಾರನ್ನು ಬೆಳೆಸಲು ಇಪ್ಪತ್ತು ವರ್ಷ ಬೇಕು. ಆ ಇಪ್ಪತ್ತು ವರ್ಷಗಳನ್ನು ಇಂದೇ ಆರಂಭಿಸದಿದ್ದರೆ, ನಮ್ಮ ಮಕ್ಕಳೂ ಪರರ ಎಂಜಿನಿಗಾಗಿಯೇ ಕಾಯಬೇಕಾದೀತು.