ರೋಸ್ಟರ್ ಗೇಟಿನ ಹೊರಗೇ ನಿಂತಿದೆ



ಚಳ್ಳಕೆರೆ ಕಡೆ ಕೇರಿ ಸಭೆಗೆ ಹೋದಾಗಲೆಲ್ಲ ಹುಡುಗರು ಕೇಳೋದು ಒಂದೇ: "ಅಣ್ಣ, ಕುದಾಪುರಕ್ಕೆ ಅಷ್ಟು ದೊಡ್ಡ ಸಂಸ್ಥೆ ಬಂದೈತೆ, ನಮಗ್ಯಾಕೆ ಕೆಲಸ ಇಲ್ಲ?" ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ಡಿಆರ್‌ಡಿಓಗೆ 4,290 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಅಣುಶಕ್ತಿಯವರಿಗೆ, ಇಸ್ರೋದವರಿಗೆ ಮತ್ತಷ್ಟು. ದನ ಕುರಿ ಮೇಯ್ತಿದ್ದ ಅಮೃತಮಹಲ್ ಕಾವಲು ಹೋಯ್ತು. ಕೇಳೋದು ನ್ಯಾಯವೇ.

ನೇಮಕಾತಿ ಅಧಿಕಾರ ಪೂರ್ತಿ ಆಯಾ ಸಂಸ್ಥೆಗೇ ಬಿಡಿ, ಸ್ಥಳೀಯರನ್ನ ತಗೊಳ್ಳಲಿ ಅನ್ನೋರು ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಸ್ವೀಡನ್ನಿನಲ್ಲಿ ಪ್ರತಿ ಸರ್ಕಾರಿ ಸಂಸ್ಥೆ ತನ್ನ ನೌಕರರನ್ನ ತಾನೇ ಆರಿಸಿಕೊಳ್ಳುತ್ತೆ, ಅಲ್ಲಿಗೆ ಅದು ಸರಿ. ನಮ್ಮಲ್ಲಿ ಸಾಹೇಬರ ಇಷ್ಟ ಅಂದ್ರೆ ಸಾಹೇಬರ ಜಾತಿ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ ಅನ್ನೋ ದೂರಿನ ಮೇಲೇ 1918ರಲ್ಲಿ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿ ಮಾಡಿದ್ದು. ನಮ್ಮನ್ನ ಕುರ್ಚಿವರೆಗೆ ತಂದದ್ದು ಸಾಹೇಬರ ಇಷ್ಟ ಅಲ್ಲ, ಮೀಸಲಾತಿ ರೋಸ್ಟರ್. ನಾನೂ ಹಾಗೆ ಬಂದ ಗುಮಾಸ್ತ.

ಹಾಗಾದ್ರೆ ತೊಡಕು ಎಲ್ಲೈತೆ? ವಿಜ್ಞಾನಿ ಹುದ್ದೆಗೆ ಇಡೀ ದೇಶದಿಂದ ಅರ್ಜಿ ಬರ್ತವೆ, ಬರಲಿ. ಜವಾನ, ಮಾಲಿ, ಕಾವಲುಗಾರ, ಸಫಾಯಿ ಕೆಲಸಕ್ಕೆ ಮೊದಲು ಉದ್ಯೋಗ ವಿನಿಮಯ ಕಚೇರಿಯಿಂದ ಹೆಸರು ತರಿಸೋರು, ರೋಸ್ಟರೂ ಇರೋದು. 2008ರಲ್ಲಿ ಆರನೇ ವೇತನ ಆಯೋಗ ಬಂದ ಮೇಲೆ ಕೇಂದ್ರದಲ್ಲಿ 'ಡಿ' ಗುಂಪೇ ಇಲ್ಲವಾಯ್ತು. ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಬಾಗಿಲು ಮುಚ್ಚಿತು. ಗುಡಿಸೋ ಕೆಲಸ ಹಾಗೇ ಉಳೀತು, ಟೆಂಡರಿಗೆ ಹೋಯ್ತು ಅಷ್ಟೇ.

ಸಂಸ್ಥೆಗಳ ಸ್ವಾಯತ್ತತೆ ಅಂತಾರಲ್ಲ, ಅದು ಇಲ್ಲಿ ಕಾಣುತ್ತೆ ನೋಡಿ. ಒಂದು ಕಾಯಂ ಹುದ್ದೆಗೆ ದೆಹಲಿ ಮಂಜೂರಾತಿ ಬೇಕು, ಏಜೆನ್ಸಿಯಿಂದ ಜನ ತಗೊಳ್ಳೋಕೆ ಟೆಂಡರ್ ಸಾಕು. ಆ ಜನ ಲೆಕ್ಕದ ಪುಸ್ತಕದಲ್ಲಿ 'ಸೇವೆ', ನೌಕರರಲ್ಲ. ನೌಕರರಲ್ಲ ಅಂದಮೇಲೆ ರೋಸ್ಟರ್ ಎಲ್ಲಿ ಬರುತ್ತೆ? 2006ರ ಉಮಾದೇವಿ ತೀರ್ಪು (ನಮ್ಮ ಕರ್ನಾಟಕದ್ದೇ ಕೇಸು) ಹಿಂಬಾಗಿಲಿಂದ ಬಂದೋರನ್ನ ಕಾಯಂ ಮಾಡಬೇಡಿ ಅಂತು. ಸರಿ. ಮುಂಬಾಗಿಲು ತೆಗೆಯೋರು ಯಾರು?

2024ರ ಮೇನಲ್ಲಿ ರಾಜ್ಯ ಸರ್ಕಾರ ತನ್ನ ಇಲಾಖೆಗಳ ಹೊರಗುತ್ತಿಗೆಗೂ ಮೀಸಲಾತಿ ತಂತು. ಪಾಲನೆ ಎಷ್ಟು ಅನ್ನೋದು ಬೇರೆ ಮಾತು. ಕೇಂದ್ರದ ಸಂಸ್ಥೆಗಳಿಗೆ ಅದು ತಾಗಲ್ಲ. ಆದರೆ ಟೆಂಡರಿನಲ್ಲಿ ಪಿಎಫ್, ಇಎಸ್‌ಐ ಕಟ್ಟಲೇಬೇಕು ಅಂತ ಷರತ್ತು ಬರೆಯೋ ಸಂಸ್ಥೆಗೆ, ಮೀಸಲಾತಿ ಪಾಲಿಸಬೇಕು ಅಂತ ಇನ್ನೊಂದು ಸಾಲು ಬರೆಸಿ ಅಂತ ದೆಹಲಿಯನ್ನ ಕೇಳೋಕೆ ಏನು ಕಷ್ಟ? ಬರೆದರೆ ಹುದ್ದೆವಾರು ಬರೀಬೇಕು. ಕಸ ಗುಡಿಸೋದರಲ್ಲಿ ನಾವು ಹೇಗೂ ನೂರಕ್ಕೆ ನೂರು ಇರ್ತೀವಿ, ಕೇಳ್ತಿರೋದು ಡೇಟಾ ಎಂಟ್ರಿ, ಲ್ಯಾಬ್ ಸಹಾಯಕನ ಕುರ್ಚಿ.

ಮೊದಲು ಲೆಕ್ಕ ಕೈಗೆ ಬರಲಿ. ಹೊರಗುತ್ತಿಗೆಯವರು ಯಾವ ಕೆಲಸದಲ್ಲಿ ಎಷ್ಟು ಜನ, ಅದರಲ್ಲಿ ಎಸ್ಸಿ, ಎಸ್ಟಿ ಎಷ್ಟು ಅಂತ ಆರ್‌ಟಿಐ ಹಾಕೋಣ. ಹತ್ತು ರೂಪಾಯಿ ಫೀಸು. ಡಿಆರ್‌ಡಿಓಗೆ ಆರ್‌ಟಿಐನಿಂದ ವಿನಾಯಿತಿ ಐತೆ, ಅದಕ್ಕೆ ಮೊದಲು ವಿಜ್ಞಾನ ಸಂಸ್ಥೆಗೆ ಹಾಕಿ. ಅರ್ಜಿ ನಮೂನೆ ಬೇಕಾದೋರು ಇನ್‌ಬಾಕ್ಸಿಗೆ ಬನ್ನಿ.